ಹಡಗು ಬರುವ ಮುಂಚಿನ ಊಟ

ನಮ್ಮಜ್ಜಿ ಶ್ರಾದ್ಧದ ಅಡುಗೆಗೆ ಆಲೂಗಡ್ಡೆ ಮುಟ್ಟುತ್ತಿರಲಿಲ್ಲ. ಟೊಮ್ಯಾಟೊ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಖಾರಕ್ಕೆ ಕಾಳುಮೆಣಸು ಅಷ್ಟೇ. ಯಾಕಜ್ಜಿ ಅಂದರೆ, "ಅವೆಲ್ಲ ನಮ್ಮವಲ್ಲ ಕಣೋ, ಆಮೇಲೆ ಬಂದವು" ಅನ್ನುತ್ತಿದ್ದರು. ಎಲ್ಲಿಂದ ಬಂದವು ಅಂತ ಅವರು ತಲೆ ಕೆಡಿಸಿಕೊಂಡವರಲ್ಲ. ನಾನು ಈಗ ಅವು ಹುಟ್ಟಿದ ಖಂಡದಲ್ಲೇ ಇದ್ದೇನೆ. ಕೆಲಸದ ಮೇಲೆ ಕೊಲಂಬಿಯಾದ ಬೊಗೊಟಾಕ್ಕೆ ಬಂದು ಮೂರು ವರ್ಷ ಆಯಿತು.

ಹೋದ ತಿಂಗಳು ಒಂದು ಭಾನುವಾರ ಅಜ್ಜಿಯ ನಿಯಮವನ್ನೇ ಉಲ್ಟಾ ಮಾಡಿ ಅಡುಗೆ ಮಾಡಿದೆ. ಸ್ಪೇನಿನ ಪಡೆ ಈ ಎತ್ತರದ ಬಯಲಿಗೆ ಕಾಲಿಟ್ಟದ್ದು 1537ರಲ್ಲಿ. ಅದಕ್ಕೂ ಮುಂಚೆ ಇಲ್ಲಿದ್ದವರು ಮುಯಿಸ್ಕಾ ಜನ. ಅವರ ಅಡುಗೆಮನೆಯಲ್ಲಿ ಇದ್ದಿರಬಹುದಾದದ್ದು ಮಾತ್ರ ಹಾಕಬೇಕು, ಹಡಗಿನಲ್ಲಿ ಬಂದದ್ದು ಏನೂ ಬೇಡ ಅಂತ ಹಟ ಹಿಡಿದೆ. ಪಟ್ಟಿಯಿಂದ ಒಂದೊಂದೇ ಹೊಡೆದುಹಾಕುತ್ತಾ ಹೋದೆ. ಈರುಳ್ಳಿ, ಬೆಳ್ಳುಳ್ಳಿ, ಅಕ್ಕಿ, ಗೋಧಿ, ಹಾಲು, ತುಪ್ಪ, ಬೆಲ್ಲ, ಕೊತ್ತಂಬರಿ, ಜೀರಿಗೆ, ಕೊನೆಗೆ ಸಾಸಿವೆ. ಒಗ್ಗರಣೆ ಸಟ್ಟುಗ ಗೋಡೆ ಮೇಲೇ ಉಳಿಯಿತು.

ಉಳಿದದ್ದೇನು ಕಡಿಮೆ ಇರಲಿಲ್ಲ. ಮುಸುಕಿನ ಜೋಳ, ಹುರುಳಿಕಾಯಿ ಜಾತಿಯ ಕಾಳು, ಕಿನೋವಾ, ಮೆಣಸಿನಕಾಯಿ, ಬಗೆಬಗೆಯ ಗೆಡ್ಡೆ. ಜಿಂಕೆ, ಕುರೀ ಅಂತ ಕರೆಯುವ ಗಿನಿಯಿಲಿ, ಹೊಳೆಯ ಮೀನು ಇವನ್ನೂ ಅವರು ತಿನ್ನುತ್ತಿದ್ದರು. ನಾನು ಸಸ್ಯಾಹಾರಿ, ಆ ಪುಟ ಹಾಗೇ ಮಗುಚಿದೆ.

ಗೆಡ್ಡೆಗೆ ಪಾಲೊಕೆಮಾವೊ ಮಾರುಕಟ್ಟೆಗೆ ಹೋದೆ. ಬೊಯಾಕಾ ಕಡೆಯ ಒಬ್ಬ ಹೆಂಗಸಿನ ಅಂಗಡಿ ನನಗೆ ಖಾಯಂ. ಆ ಕಡೆಯವರು ಎದುರಿನವರನ್ನು ಸುಮೆರ್ಸೆ ಅಂತ ಕರೆಯುತ್ತಾರೆ. ನಮ್ಮ "ತಾವು" ಇದೆಯಲ್ಲ, ಅದರ ಹಾಗೆ, ಆದರೆ ಅದಕ್ಕಿಂತ ಜಾಸ್ತಿ ಅಕ್ಕರೆ. ಆಕೆ ಮೂರು ಗೆಡ್ಡೆ ತೂಗಿಕೊಟ್ಟರು. ಇಬಿಯಾ ಹೊಳೆಯುವ ಸಿಪ್ಪೆಯದ್ದು, ಮೈತುಂಬ ಮಡಿಕೆ, ಸ್ವಲ್ಪ ಹುಳಿ. ಚುಗ್ವಾ ನುಣ್ಣಗೆ, ಬೆಂದರೆ ಬಸಳೆಯಂತೆ ಲೋಳೆ. ಕುಬಿಯೋ ಉದ್ದಕ್ಕೆ, ಕೆಂಪು ಗೀಟುಗಳಿರುವ ಹಳದಿ ಗೆಡ್ಡೆ. "ಸುಮೆರ್ಸೆ, ಇಬಿಯಾವನ್ನ ಎರಡು ದಿನ ಬಿಸಿಲಿಗಿಡಿ, ಸಿಹಿಯಾಗುತ್ತೆ. ಕುಬಿಯೋನ ಬೇಯಿಸಿ ಮೊದಲ ನೀರು ಚೆಲ್ಲಿ" ಅಂದರು. ಬೊಗೊಟಾದಲ್ಲಿ ಬಿಸಿಲು ಎಲ್ಲಿ ಬರಬೇಕು! ಕಿಟಕಿಯಲ್ಲಿಟ್ಟೆ, ಎರಡು ದಿನವೂ ಮೋಡ.

ಇನ್ನು ಕುಬಿಯೋ ನೀರು ಚೆಲ್ಲುವ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಸಾರವೆಲ್ಲ ಹೋಗುತ್ತಲ್ಲ ಅಂತ ಲೋಭ. ಉಪ್ಪು ಹಾಕಿ ನೇರ ಬೇಯಿಸಿ ಒಂದು ತುಂಡು ಬಾಯಿಗಿಟ್ಟೆ. ಘಾಟು ಮೂಗಿಗೆ ಹೊಡೆಯಿತು, ಹಿಂದೆಯೇ ಕಹಿ. ಉಗುಳಬೇಕು ಅನ್ನುವಷ್ಟರಲ್ಲಿ ಇದು ಎಲ್ಲೋ ತಿಂದ ರುಚಿಯಲ್ವಾ ಅನ್ನಿಸಿತು. ಹಸಿ ಸಾಸಿವೆ ಅರೆದ ಪಚಡಿಯ ಘಾಟು! ಆಮೇಲೆ ಓದಿದರೆ ನಿಜಕ್ಕೂ ಹಾಗೇ ಇದೆ. ಸಾಸಿವೆಗೆ ಘಾಟು ಕೊಡುವ ಗಂಧಕದ ಅಂಶ ಯಾವ ಗುಂಪಿನದೋ, ಕುಬಿಯೋದಲ್ಲಿರುವುದೂ ಅದೇ ಗುಂಪಿನದು. ಬಾಗಿಲಲ್ಲಿ ತಡೆದ ಸಾಸಿವೆ ಹಿತ್ತಲಿಂದ ಒಳಗೆ ಬಂದಿತ್ತು. ಉಳಿದ ತುಂಡುಗಳಿಗೆ ಹೊಸ ನೀರು ಹಾಕಿ ಇನ್ನೊಮ್ಮೆ ಕುದಿಸಿದೆ. ಕಹಿ ಇಳಿಯಿತು, ಘಾಟು ಹಿತವಾಗಿ ಉಳಿಯಿತು.

ಬೊಗೊಟಾ 2,600 ಮೀಟರ್ ಎತ್ತರದಲ್ಲಿದೆ. ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ, ಕಾಳು ಮಾತ್ರ ಬೇಯುವುದಿಲ್ಲ. ರಾಕಿರಾ ಊರಿನ ಮಣ್ಣಿನ ಮಡಕೆಯಲ್ಲಿ ಕಾಳು ಇಟ್ಟು ಮೂರು ಗಂಟೆ ಕಾದೆ, ಇನ್ನೂ ಕಟಕಟ. ಕೊನೆಗೆ ಊರಿಂದ ತಂದ ಕುಕ್ಕರ್ ಇಳಿಸಿದೆ. ಕುಕ್ಕರ್ ಹಡಗಿನಲ್ಲಿ ಬಂದಿಲ್ಲ, ವಿಮಾನದಲ್ಲಿ ನನ್ನ ಸೂಟ್‌ಕೇಸಿನಲ್ಲಿ ಬಂದದ್ದು ಅಂತ ಸಮಾಧಾನ ಮಾಡಿಕೊಂಡೆ.

ಮುಖ್ಯ ಅಡುಗೆ ಆಲೂಗಡ್ಡೆಯ ಗಟ್ಟಿ ಸಾರು. ಈಗ ಬೊಗೊಟಾದಲ್ಲಿ ಅಹಿಯಾಕೊ ಅಂತ ಮಾಡುತ್ತಾರೆ, ಕೋಳಿ, ಕೆನೆ, ಕೇಪರ್ ಮೊಗ್ಗು ಎಲ್ಲ ಹಾಕಿ. ಆ ಮೂರೂ ಹೊರಗಿನವು. ತೆಗೆದರೆ ಉಳಿಯುವುದು ಆಲೂಗಡ್ಡೆ, ಜೋಳದ ತೆನೆ, ಉಪ್ಪು, ಗ್ವಾಸ್ಕಾ ಸೊಪ್ಪು. ಪುಟ್ಟ ಹಳದಿ ಕ್ರಿಯೋಯಾ ಆಲೂಗಡ್ಡೆ ಕರಗಿ ಬೇಳೆಕಟ್ಟಿನ ಹಾಗೆ ಮಂದವಾಗುತ್ತದೆ. ಬೇರೆ ಎರಡು ಜಾತಿಯವು ಹೋಳಾಗಿ ಉಳಿಯುತ್ತವೆ. ಗ್ವಾಸ್ಕಾವನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕಬೇಕು. ಈ ಗಿಡ ನೀಲಗಿರಿಯ ತರಕಾರಿ ಹೊಲಗಳಲ್ಲೂ ಕಳೆಯಾಗಿ ಬೆಳೆಯುತ್ತದೆ, ಬಿಳಿ ಎಸಳಿನ ಪುಟಾಣಿ ಹಳದಿ ಹೂವು. ಅಲ್ಲಿ ಕಿತ್ತು ಬಿಸಾಡುತ್ತಾರೆ, ಇಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ.

ಉಪ್ಪು ಸಿಪಾಕಿರಾದ್ದು. ಅಲ್ಲಿ ಮತ್ತು ನೆಮೊಕೊನ್‌ನಲ್ಲಿ ಮುಯಿಸ್ಕಾ ಜನ ಉಪ್ಪುನೀರನ್ನು ದೊಡ್ಡ ಮಡಕೆಗಳಲ್ಲಿ ಕುದಿಸುತ್ತಿದ್ದರು. ನೀರು ಇಂಗಿ ಇಂಗಿ ಉಪ್ಪು ಮಡಕೆಯೊಳಗೇ ಗಟ್ಟಿ ಕಟ್ಟುತ್ತಿತ್ತು. ಮಡಕೆ ಒಡೆದರೇ ಉಪ್ಪು ಕೈಗೆ. ಆ ಉಪ್ಪಿನ ಗಡ್ಡೆ ಕೊಟ್ಟು ತಗ್ಗಿನ ಬೆಚ್ಚಗಿನ ಊರುಗಳಿಂದ ಹತ್ತಿ, ಹಣ್ಣು, ಚಿನ್ನ ತರುತ್ತಿದ್ದರು. ಎಣ್ಣೆ ಮಸಾಲೆ ಇಲ್ಲದ ಅಡುಗೆಯಲ್ಲಿ ಉಪ್ಪಿಗೆ ಎಷ್ಟು ಬೆಲೆ ಅನ್ನೋದು ಆ ಸಾರು ಕುಡಿದಾಗ ಗೊತ್ತಾಯಿತು. ಒಂದು ಚಿಟಿಕೆ ಕಡಿಮೆ ಬಿದ್ದಿದ್ದರೂ ಸಪ್ಪೆ.

ಜೋಳವನ್ನು ಅರೆದು, ಅದರ ಮುಸುಕಿನಲ್ಲೇ ಸುತ್ತಿ, ಹಬೆಯಲ್ಲಿ ಬೇಯಿಸಿದೆ. ನಮ್ಮ ಎಲೆ ಕಡುಬಿನ ಕೆಲಸವೇ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ, ಚೆನ್ನಾಗಿ ಬಂತು.

ಕಥೆ ಇರುವುದು ಚಿಚಾದಲ್ಲಿ. ಅದು ಜೋಳ ಹುಳಿಸಿ ಮಾಡುವ ಪಾನೀಯ. ಇಲ್ಲಿ ಮಾರುವ ಚಿಚಾಕ್ಕೆ ಬೆಲ್ಲ ಹಾಕುತ್ತಾರೆ, ಆದರೆ ಕಬ್ಬು ಹಡಗಿನಲ್ಲಿ ಬಂದದ್ದು. ಅದಕ್ಕೂ ಮುಂಚೆ ಹೆಂಗಸರು ಜೋಳವನ್ನು ಬಾಯಲ್ಲಿ ಅಗಿದು ಮಡಕೆಗೆ ಹಾಕುತ್ತಿದ್ದರು. ಎಂಜಲು ಹಿಟ್ಟನ್ನು ಸಕ್ಕರೆ ಮಾಡುತ್ತದೆ, ಸಕ್ಕರೆಯಿಂದ ಹುಳಿ ಬರುತ್ತದೆ. ಒಂದು ಹಿಡಿ ನಾನೂ ಅಗಿದೆ. ಎರಡು ನಿಮಿಷಕ್ಕೆ ಬಾಯಿ ಸಿಹಿಯಾಯಿತು, ದವಡೆ ನೋವು ಶುರುವಾಯಿತು. ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ಅಮ್ಮ, "ಥೂ, ಎಂಜಲು ಮಾಡಿದ್ದನ್ನ ಕುಡೀತೀಯೇನೋ!" ಅಂದರು. "ನಾನೊಬ್ಬನೇ ಕುಡಿಯೋದು ಅಮ್ಮ" ಅಂದೆ. "ರಾಗಿ ಮಾಲ್ಟ್‌ಗೆ ಮೊಳಕೆ ಕಟ್ಟಲ್ವಾ, ಹಾಗೆ ಕಟ್ಟು" ಅಂದರು. ಅಮ್ಮ ಹೇಳಿದ್ದು ಸುಳ್ಳಲ್ಲ, ಮೊಳಕೆಯೂ ಹಿಟ್ಟನ್ನು ಸಿಹಿ ಮಾಡುತ್ತದೆ. ಪೆರು ದೇಶದಲ್ಲಿ ಚಿಚಾ ಮಾಡುವುದೇ ಮೊಳಕೆ ಜೋಳದಿಂದ. ಹಾಗಾಗಿ ನನ್ನ ಚಿಚಾ ಅರ್ಧ ಪೆರುವಿನದು, ಕಾಲು ಅಮ್ಮನದು. ಮೊಳಕೆ ಒಣಗಿಸಿ, ಅರೆದು, ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕೊನೆಗೆ ಕುದಿಸಿ ಆರಿಸಿದೆ. ಈ ಊರಿನ ಚಳಿಗೆ ಇಡ್ಲಿ ಹಿಟ್ಟೇ ಎರಡು ದಿನ ಮಲಗಿರುತ್ತದೆ. ಚಿಚಾದಲ್ಲಿ ನೊರೆ ಎದ್ದದ್ದು 5ನೇ ದಿನ. ಹುಳಿ ಮಜ್ಜಿಗೆಗೆ ಹುರಿಹಿಟ್ಟು ಕಲಸಿದ ಹಾಗಿತ್ತು, ಹಿಂದೆ ಒಂಚೂರು ಅಮಲು. 1948ರ ಬೊಗೊಟಾ ಗಲಭೆಯ ನಂತರ ಸರ್ಕಾರ ಇದರ ಮೇಲೆ ಕಾನೂನು ತಂದು, ಮುಚ್ಚಿದ ಗಾಜಿನ ಬಾಟಲಿಯಲ್ಲಿ ಮಾತ್ರ ಮಾರಬೇಕು ಅಂದಿತ್ತು. ನಾನೂ ಸುಮ್ನೆ ಒಂದು ಬಾಟಲಿಗೆ ತುಂಬಿ ಬಿರಡೆ ಬಿಗಿದೆ. ಬೆಳಿಗ್ಗೆ ಬಿರಡೆ ಫ್ರಿಜ್ ಹಿಂದೆ ಸಿಕ್ಕಿತು.

ಮುಂದಿನ ವಾರ ಮಾರುಕಟ್ಟೆಯ ಆ ಹೆಂಗಸಿಗೆ ಎಲ್ಲ ಹೇಳಿದೆ. ಕೋಳಿ ಇಲ್ಲದ ಅಹಿಯಾಕೊ ಅಂದ ಕೂಡಲೇ ಆಕೆಯ ಮುಖ ಸಣ್ಣದಾಯಿತು. "ತಿಂಗಳ ಕೊನೆ ಅಲ್ವಾ ಸುಮೆರ್ಸೆ" ಅಂದರು. ನನ್ನ ನಿಯಮ ವಿವರಿಸುವಷ್ಟು ಸ್ಪ್ಯಾನಿಷ್ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಆಕೆ ಗ್ವಾಸ್ಕಾ ಕಟ್ಟನ್ನು ಚೀಲಕ್ಕೆ ಹಾಕಿ, ಮೇಲೆ ಕೊಸರು ಅಂತ ಎರಡು ಕುಬಿಯೋ ಇಟ್ಟರು.