ಬೇಕಲ ಕೋಟೆ: ಗೋಪುರ ಬಿಟ್ಟು ಕೋವಿಕಿಂಡಿಯಿಂದ ಶುರುಮಾಡಿದ ನನ್ನ ಅನುಭವ

ಈಗ ಕೇರಳಕ್ಕೆ ಸೇರಿದ ಕಾಸರಗೋಡಿನ ಬೇಕಲಕ್ಕೆ ಪ್ರವಾಸಿ ತಂಡ ಕರೆದುಕೊಂಡು ಹೋಗುವ ನಾವೆಲ್ಲ ಮೊದಲು ಹತ್ತಿಸುವುದು ನಡುವಿನ ಗೋಪುರವನ್ನೇ. ನಾನೂ ನಾಲ್ಕೈದು ವರ್ಷ ಹಾಗೇ ಮಾಡಿ ಸೋತೆ. ಮೇಲೆ ಕಡಲು ಕಂಡಿತು, ಮೊಬೈಲು ಹೊರಬಂತು, ಅಲ್ಲಿಗೆ ಚರಿತ್ರೆ ಮುಗಿಯಿತು. ‘ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ...’ ಎನ್ನುವಷ್ಟರಲ್ಲಿ ‘ಸಿನಿಮಾ ಹಾಡಿನ ಜಾಗ ಎಲ್ಲಿ?’ ಎಂಬ ಪ್ರಶ್ನೆ.

ಇಸವಿಗಳ ಬಣ್ಣದ ಕರಪತ್ರ ಅಚ್ಚು ಹಾಕಿಸಿದೆ. ಸುಮಾರು 4,000 ರೂಪಾಯಿ ಹೋಯಿತು. ಕರಪತ್ರಗಳು ಬಸ್ಸಿನ ಸೀಟಿನಲ್ಲೇ ಉಳಿದವು. ಒಂದು ಶಾಲೆಯವರು ಮುನ್ನಾದಿನ ಬರುವುದಿಲ್ಲ ಎಂದಾಗ ವ್ಯಾನಿಗೆ ಕೊಟ್ಟ ಮುಂಗಡ, 3,000 ಇರಬೇಕು, ಅದೂ ಮುಳುಗಿತು.

ಆಮೇಲೆ ಕ್ರಮವನ್ನೇ ತಿರುಗಿಸಿದೆ. ಮೊದಲು ಕಂದಕ, ಮತ್ತೆ ಬಳಸಿ ಬಳಸಿ ಒಳಹೋಗುವ ಬಾಗಿಲು, ಅಲ್ಲಿಂದ ಕೋಟೆಗೋಡೆಯ ಕೋವಿಕಿಂಡಿ, ಅಂದರೆ ಒಳಗಿನಿಂದ ಕೋವಿ ತೂರಿಸಿ ಗುಂಡು ಹಾರಿಸುವ ತೂತು. ‘ಬಿಸಿಲಲ್ಲಿ ತೂತು ನೋಡಲಿಕ್ಕೆ ಯಾರು ದುಡ್ಡು ಕೊಡ್ತಾರೆ ಮಾರಾಯ್ರೆ?’ ಎಂದರು ಜೊತೆಯವರು.

ಒಬ್ಬರ ಕೈಗೆ ಮಡಚಿದ ಉದ್ದ ಕೊಡೆ ಕೊಡುತ್ತೇನೆ. ಮೇಲಿನ ಕಿಂಡಿಗೆ ಹಿಡಿದರೆ ತುದಿ ದೂರದ ಬಯಲಿಗೆ. ಅದರ ಕೆಳಗಿನದಕ್ಕೆ ಹಿಡಿದರೆ ಇನ್ನಷ್ಟು ಹತ್ತಿರಕ್ಕೆ. ತೀರ ಕೆಳಗಿನದರಲ್ಲಿ ಕೊಡೆ ಗೋಡೆಯ ಬುಡದತ್ತ ಬಾಗುತ್ತದೆ. ಅಷ್ಟು ಹೊತ್ತೂ ನಾನು ಬಾಯಿ ತೆರೆಯುವುದಿಲ್ಲ. ‘ಅಯ್ಯೋ, ಗೋಡೆ ಹತ್ತಲು ಬಂದವನಿಗೂ ಗುಂಡಾ!’ ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ಯಾರ ಮೇಲೆ ಯಾರ ಗುಂಡು ಎಂದು ಅವರೇ ಕೇಳುವಾಗ ಹೇಳುತ್ತೇನೆ: ಕೆಳದಿಯವರು, 1763ರಲ್ಲಿ ಅವರ ರಾಜಧಾನಿ ಬಿದನೂರು ಬಿದ್ದ ಮೇಲೆ ಹೈದರ್, ಟಿಪ್ಪು, 1799ರ ನಂತರ ಈಸ್ಟ್ ಇಂಡಿಯಾ ಕಂಪನಿ. 1956ರ ನವೆಂಬರ್ 1ರವರೆಗೆ ಈ ನೆಲ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು ಎಂದಾಗ ಮಂಗಳೂರಿನಿಂದ ಬಂದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಮೌನವನ್ನು ನಾನು ಮುರಿಯುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸಂರಕ್ಷಿತ ಸ್ಮಾರಕದ ಗೋಡೆಗೆ ಉಗುರೂ ತಾಗಿಸಬಾರದು. ಅದಕ್ಕೇ ಕ್ವಾರಿಯಿಂದ ಆಗಷ್ಟೇ ಕಡಿದ ಮುರಕಲ್ಲಿನ (ಜಂಬಿಟ್ಟಿಗೆಯ) ತುಂಡು ಒಂದು, ನಮ್ಮ ಹಳೇ ಅಂಗಳಕಟ್ಟೆಯದು ಒಂದು, ಎರಡನ್ನೂ ಚೀಲದಲ್ಲಿ ಒಯ್ದು ಕೋಟೆಯ ಹೊರಗಡೆ ತಂಡದವರ ಕೈಗೆ ಚಾಕು ಕೊಟ್ಟೆ. ಹೊಸದು ಪುಡಿಪುಡಿಯಾಗಿ ಉದುರಿತು. ಗಾಳಿಬಿಸಿಲು ಕುಡಿದ ಹಳೆಯದರಲ್ಲಿ ಚಾಕು ಜಾರಿತು. ಇಷ್ಟು ದೊಡ್ಡ ಕೋಟೆಯನ್ನು ಇದೇ ಕಲ್ಲಲ್ಲಿ ಏಕೆ ಕಟ್ಟಿದರೆಂದು ವಿವರಿಸುವ ಕೆಲಸ ತಪ್ಪಿತು. ಆದರೆ ಚೀಲ ಹತ್ತು ಕಿಲೋ ದಾಟಿತ್ತು, ಬೆನ್ನು ಹಿಡಿದುಕೊಂಡಿತು. ಈಗ ಅಂಗೈಯಷ್ಟು ತುಂಡು ಸಾಕು.

ಲೆಕ್ಕ ಹೇಳಬೇಕೆಂದರೆ, ತಲೆಗೆ 100 ರೂಪಾಯಿ ಕೊಡಲು ಹಿಂದೆಮುಂದೆ ನೋಡುತ್ತಿದ್ದವರು ಈಗ 250 ಕೊಡುತ್ತಾರೆ. ಒಂದು ಸಲಕ್ಕೆ ಹದಿನೈದು ಜನರಿಗಿಂತ ಹೆಚ್ಚು ಬೇಡ, ಕಿಂಡಿಯ ಮುಂದೆ ನೂಕುನುಗ್ಗಲಾಗುತ್ತದೆ. ಯಾವ ಕೊತ್ತಳದ ಕಿಂಡಿ, ಸಂಜೆ ಎಷ್ಟು ಹೊತ್ತಿಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಎರಡು ವರ್ಷ ಅಲೆದಿದ್ದೇನೆ.

ಗೋಪುರ ಹತ್ತುವುದು ಕಟ್ಟಕಡೆಗೆ. ಅಲ್ಲಿ ನಿಂತು ‘ಚಂದ್ರಗಿರಿ ಕೋಟೆ ಯಾವ ದಿಕ್ಕಿಗೆ? ಹೊಸದುರ್ಗ ಯಾವ ಕಡೆ?’ ಎಂದು ಕೇಳುತ್ತಾರೆ. ಕಾಸರಗೋಡು ಪೇಟೆಯ ಹತ್ತಿರದ ಚಂದ್ರಗಿರಿ, ಕಾಞಂಗಾಡಿನ ಹೊಸದುರ್ಗ, ಎರಡೂ ಕೆಳದಿಯವರ ಕೋಟೆಗಳೇ. ಉತ್ತರಕ್ಕೊಮ್ಮೆ, ದಕ್ಷಿಣಕ್ಕೊಮ್ಮೆ ಅದೇ ಕೊಡೆಯನ್ನು ಚಾಚಿ ತೋರಿಸುತ್ತೇನೆ.