ಕಾರವಾರದ ಮಳೆಗಾಲದಲ್ಲಿ ಒಂದು ಲೇಸರ್ ಗೆರೆ

ಗಾಜಿನ ಮೇಲೆ ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕನ್ನು ತೆಳ್ಳಗೆ ಬಳಿದು, ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಕೂತಂತೆ ಕೊರೆಯಬೇಕಿತ್ತು. ಎರಡೂ ಒಂದಕ್ಕೊಂದು ತಾಗಬಾರದು. ನನ್ನ ಟಚ್ ಸೆನ್ಸರ್‌ಗೆ ಬೇಕಿದ್ದದ್ದು ಅಷ್ಟೇ.

ವಸ್ತು ಪೆಡಾಟ್-ಪಿಎಸ್‌ಎಸ್, ಅಂದರೆ ಪೆಡಾಟ್ ಮತ್ತು ಪಿಎಸ್‌ಎಸ್ ಎಂಬ ಎರಡು ಪಾಲಿಮರ್‌ಗಳ ಬೆರಕೆ. ನೀರಿನಲ್ಲಿ ಬೆರೆತ ಕಡುನೀಲಿ ದ್ರವ. ನೂರು ಪಾಲಿಗೆ 5 ಪಾಲು ಎಥಿಲೀನ್ ಗ್ಲೈಕಾಲ್ ಹಾಕಿದೆ. ಅಷ್ಟಕ್ಕೇ ವಿದ್ಯುತ್ ಎಷ್ಟೋ ಪಟ್ಟು ಸಲೀಸಾಗಿ ಹರಿಯುತ್ತದೆ. ಬಳಿದು 120 ಡಿಗ್ರಿಯಲ್ಲಿ 20 ನಿಮಿಷ ಒಣಗಿಸಿದೆ.

ಲೇಸರ್ ಇದ್ದದ್ದು ಊರಿನ ಒಂದು ನಾಮಫಲಕದ ಅಂಗಡಿಯಲ್ಲಿ. ಮೊದಲು 450 ನ್ಯಾನೊಮೀಟರ್ ತರಂಗಾಂತರದ ನೀಲಿ ಲೇಸರ್ ಹಚ್ಚಿದೆವು. ಮರವನ್ನು ಚೆನ್ನಾಗಿ ಕೊರೆಯುವ ಯಂತ್ರ ಅದು. ಗಾಜಿನ ಮೇಲೆ ಗುರುತೇ ಮೂಡಲಿಲ್ಲ. "ಎಂತದೂ ಬೀಳ್ತಾ ಇಲ್ಲ ಮಾರಾಯ್ರೆ" ಎಂದರು ಅಂಗಡಿಯವರು. ಆಗ ಹೊಳೆಯಿತು. ಪದರ ನೀಲಿಯಾಗಿ ಕಾಣುವುದೇ ಅದು ನೀಲಿ ಬೆಳಕನ್ನು ಆಚೆ ಬಿಡುವುದರಿಂದ, ಅಲ್ವಾ? ಹೀರಿಕೊಂಡರೆ ತಾನೇ ಸುಡುವುದು? ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ಪೆಡಾಟ್ ಚೆನ್ನಾಗಿ ಹೀರುತ್ತದೆ. ಅವರ ಬಳಿ ಲೋಹಕ್ಕೆ ಗುರುತು ಹಾಕುವ 1064 ನ್ಯಾನೊಮೀಟರ್‌ನ ಫೈಬರ್ ಲೇಸರ್ ಕೂಡ ಇತ್ತು. ಆ ಬೆಳಕು ಗಾಜನ್ನು ದಾಟಿ ಹೋಗುತ್ತದೆ, ಪದರವನ್ನು ಮಾತ್ರ ಸುಡುತ್ತದೆ. ಪವರ್ ತೀರಾ ಕಡಿಮೆ ಇಟ್ಟೆವು. ಮೊದಲ ಸಲವೇ ಗೆರೆ ಬಿತ್ತು. ನೀಲಿ ಲೇಸರ್‌ನ ಕನ್ನಡಕ ಇದಕ್ಕೆ ನಡೆಯುವುದಿಲ್ಲ. 1064ಕ್ಕೆ ಅಂತಲೇ ಮಾಡಿದ ಕನ್ನಡಕ ಬೇಕೇ ಬೇಕು. ಹೊಗೆಯಲ್ಲಿ ಗಂಧಕ ಇರುತ್ತದೆ, ಕಿಟಕಿ ತೆರೆದಿರಲಿ.

ಮಧ್ಯಾಹ್ನ ಅಳೆದಾಗ ಎರಡು ಬಾಚಣಿಗೆಗಳ ನಡುವೆ ಮೀಟರ್ ಓಪನ್ ತೋರಿಸಿತು, ಅಂದರೆ ವಿದ್ಯುತ್ ಹರಿಯುತ್ತಿಲ್ಲ. ಮರುದಿನ ಬೆಳಿಗ್ಗೆ ಕೋಡಿಬಾಗದ ನನ್ನ ಕೋಣೆಯಲ್ಲಿ ಮತ್ತೆ ಅಳೆದರೆ 3 ಮೆಗಾಓಮ್! ಅಂದರೆ ಸ್ವಲ್ಪ ವಿದ್ಯುತ್ ದಾಟುತ್ತಿದೆ. ರಾತ್ರಿಯಿಡೀ ಮಳೆ ಸುರಿದಿತ್ತು. ಲೇಸರ್ ಸರಿಯಾಗಿ ಕತ್ತರಿಸಿಲ್ಲ ಎಂದುಕೊಂಡು ಇನ್ನೂ ಎರಡು ಗಾಜು ಸುಟ್ಟೆ. ಅವೂ ಹಾಗೇ. ಕೊನೆಗೆ ಸುಮ್ನೆ ನೋಡೋಣವೆಂದು ಹೇರ್ ಡ್ರೈಯರ್ ಹಿಡಿದೆ. ಎರಡೇ ನಿಮಿಷದಲ್ಲಿ ಮೀಟರ್ ಮತ್ತೆ ಓಪನ್.

ತಪ್ಪು ಗೆರೆಯದಲ್ಲ, ಅದರಲ್ಲಿ ಉಳಿದ ಪುಡಿಯದು. ಪಿಎಸ್‌ಎಸ್ ಆಮ್ಲದ ಗುಣದ್ದು, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವವಾದರೆ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಓಡಾಡುತ್ತವೆ, ಗೆರೆಗೆ ಅಡ್ಡಲಾಗಿ ಸಣ್ಣ ದಾರಿ ಆಗುತ್ತದೆ. ನಮ್ಮ ಕಡಲತೀರದ ಜುಲೈ ಗಾಳಿಗೆ ಅಷ್ಟು ಸಾಕು.

ಈಗ ಗೆರೆ ಕೊರೆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಮೆಲ್ಲಗೆ ಒರೆಸುತ್ತೇನೆ. ನೀರು ಬೇಡ, ಪದರವೇ ಎದ್ದು ಬರುತ್ತದೆ. ಆಮೇಲೆ ಅದೇ ಗೆರೆಯ ಮೇಲೆ ಲೇಸರ್ ಇನ್ನೊಂದು ಸಲ. ಬಿಸಿಮಾಡಿ ಒಣಗಿಸಿ, ತಣ್ಣಗಾಗುವ ಮೊದಲೇ ಪಾರದರ್ಶಕ ಟೇಪ್ ಅಂಟಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ.

ಹೀಗೆ ಮಾಡಿದ ಮೊದಲ ಗಾಜನ್ನು ಬೇಕೆಂದೇ ಡಬ್ಬಿಯ ಹೊರಗೆ, ಕಿಟಕಿಯ ಪಕ್ಕ ಇಟ್ಟೆ. ಐದು ದಿನ ಮಳೆ ಬಿಡಲಿಲ್ಲ. ದಿನಾ ಎದ್ದ ಕೂಡಲೇ ಅದನ್ನೇ ಅಳೆದೆ. ಐದೂ ದಿನ ಓಪನ್.