"ನಿನ್ನಿ ಮಾಲು ಇದ್ರಾಗ ಎಲ್ಲಿ ಅದರಿ?": ದಾಲ್ ಮಿಲ್ಲಿನಲ್ಲಿ ನಮ್ಮ ಚಾರ್ಟ್ ಕೆಲಸ

ಮಿಲ್ಲಿನ ಮುನೀಮರು ನಮ್ಮ ಲ್ಯಾಪ್‌ಟಾಪನ್ನು ಸ್ವಲ್ಪ ಹೊತ್ತು ನೋಡಿದರು. ಆರು ಬಣ್ಣ, ಚಿಕ್ಕ ದೊಡ್ಡ ಗುಳ್ಳೆಗಳು, ಮೌಸ್ ಇಟ್ಟರೆ ವಿವರ ತೋರಿಸುವ ಚಾರ್ಟ್. ನಾನೂ ನನ್ನ ಇಬ್ಬರು ಎಂಎಸ್ಸಿ ಹುಡುಗರೂ ಮೂರು ತಿಂಗಳು ಕೂತು ಮಾಡಿದ್ದು. ಮುನೀಮರು ಕೇಳಿದ್ದು ಒಂದೇ ಮಾತು. "ಸರ, ಛಂದ ಅದ. ನಿನ್ನಿ ಮಾಲು ಇದ್ರಾಗ ಎಲ್ಲಿ ಅದರಿ?"

ಎಲ್ಲೂ ಇರಲಿಲ್ಲ. ನಾವು ತಿಂಗಳಿಗೊಂದು ಸರಾಸರಿ ತೆಗೆದು ಹಾಕಿದ್ದೆವು. ಅವರ ನಿನ್ನೆಯ ಲಾಟ್ ಆ ಸರಾಸರಿಯಲ್ಲಿ ಕರಗಿಹೋಗಿತ್ತು. ಆವತ್ತಿನಿಂದಲೇ ನಮ್ಮ ನಿಜವಾದ ಕೆಲಸ ಶುರುವಾಯಿತು ಅಂತ ನಾನು ತಿಳಿದಿದ್ದೇನೆ.

ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ, ಡೇಟಾವನ್ನು ಕಣ್ಣಿಗೆ ಕಾಣುವಂತೆ ಮಾಡುವುದು ನನ್ನ ಸಂಶೋಧನೆಯ ವಿಷಯ. ಮಿಲ್ ಇರುವುದು ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ. ನಮ್ಮ ಹಳೆಯ ವಿದ್ಯಾರ್ಥಿ ಒಬ್ಬ ಅಲ್ಲಿ ಲೆಕ್ಕ ನೋಡುತ್ತಾನೆ, ಅವನೇ ಮಾಲೀಕರ ಹತ್ತಿರ ಕರೆದುಕೊಂಡು ಹೋದ. ಮಾಲೀಕರ ಪ್ರಶ್ನೆ ನೇರವಾಗಿತ್ತು. "ಒಂದೇ ಊರಿನ ತೊಗರಿ, ಒಂದೇ ರೇಟು. ಒಂದಿನ ಬ್ಯಾಳಿ ಛಲೋ ಬೀಳ್ತದ, ಮರುದಿನ ನುಚ್ಚು ಜಾಸ್ತಿ. ಯಾಕ?"

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದ್ದು ಎಲ್ಲರಿಗೂ ಗೊತ್ತು. ಮಿಲ್ಲಿನೊಳಗೆ ಕಾಳು ಬೇಳೆಯಾಗುವುದು ಎಷ್ಟು ಸೂಕ್ಷ್ಮ ಅಂತ ನನಗೇ ಗೊತ್ತಿರಲಿಲ್ಲ. ಸಿಪ್ಪೆ ಮತ್ತು ಬೇಳೆಯ ನಡುವೆ ಅಂಟಿನಂಥ ಒಂದು ಪದರ ಇರುತ್ತದೆ. ಅದಕ್ಕೇ ಕಾಳನ್ನು ಎಮರಿ (ಉಜ್ಜುವ ಗಟ್ಟಿ ಕಲ್ಲಿನ ಪುಡಿ) ಹಚ್ಚಿದ ರೋಲರ್‌ಗೆ ಹಾಕಿ ಗೀರಿಸಿ, ಎಣ್ಣೆ ಹಚ್ಚಿ, ನೀರು ಚಿಮುಕಿಸಿ, ಬಿಸಿಲಿಗೆ ಹರವಿ, ಮತ್ತೆ ರೋಲರ್‌ಗೆ ಹಾಕುತ್ತಾರೆ. ಹಸಿ, ಅಂದರೆ ಕಾಳಿನ ತೇವಾಂಶ, ಸ್ವಲ್ಪ ಹೆಚ್ಚಾದರೆ ಸಿಪ್ಪೆ ಬಿಡುವುದಿಲ್ಲ. ಅತಿಯಾಗಿ ಒಣಗಿದರೆ ಬೇಳೆ ಒಡೆಯುತ್ತದೆ.

ಮುನೀಮರ ಮಾತು ಕೇಳಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿಟ್ಟೆವು. ಎರಡು ವಾರ ಸುಮ್ನೆ ಅವರ ಪಕ್ಕ ಕೂತೆವು. ಅವರ ರಿಜಿಸ್ಟರ್‌ನಲ್ಲಿ ಎಲ್ಲವೂ ಇತ್ತು: ಲಾಟ್ ನಂಬರ್, ಊರು, ತೂಕ, ಹಸಿ ಎಷ್ಟು, ಬೇಳೆ ಎಷ್ಟು. ಆದರೆ ಒಂದು ಪುಟದಲ್ಲಿ ಚೀಲದ ಲೆಕ್ಕ, ಇನ್ನೊಂದರಲ್ಲಿ ಕ್ವಿಂಟಾಲ್. ಆಳಂದ, ಅಳಂದ, ಆಳಂದ್ ಅಂತ ಒಂದೇ ಊರಿಗೆ ಮೂರು ಹೆಸರು. ಇದನ್ನೆಲ್ಲ ಸರಿಮಾಡಲು ಹುಡುಗರಿಗೆ ಹಿಡಿದ ಸಮಯ ಚಾರ್ಟ್ ಬರೆಯಲು ಹಿಡಿದದ್ದಕ್ಕಿಂತ ಜಾಸ್ತಿ, ಮತ್ತು ಆ ಹೊತ್ತಿನಲ್ಲೇ ಅವರು ಮಿಲ್ಲಿನ ಭಾಷೆ ಕಲಿತರು.

ನಮ್ಮ ವಿಷಯದಲ್ಲಿ ಬೆನ್ ಶ್ನೈಡರ್‌ಮನ್ ಎಂಬ ಸಂಶೋಧಕ 1996ರಲ್ಲಿ ಹೇಳಿದ ಒಂದು ಸೂತ್ರ ಇದೆ. ಮೊದಲು ಇಡೀ ಚಿತ್ರ ತೋರಿಸು, ಆಮೇಲೆ ಹತ್ತಿರ ಹೋಗಲು, ಸೋಸಲು ಬಿಡು, ಕೇಳಿದಾಗ ವಿವರ ಕೊಡು. ನಾನು ಇದನ್ನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಮಿಲ್ಲಿನಲ್ಲಿ ಅದು ತಿರುಗುಮುರುಗಾಯಿತು. ಅವರಿಗೆ ಮೊದಲು ತಮ್ಮ ಲಾಟ್ ಬೇಕು, ಅದು ಉಳಿದವುಗಳ ನಡುವೆ ಎಲ್ಲಿದೆ ಅನ್ನೋದು ಆಮೇಲೆ. 2009ರಲ್ಲಿ ಫಾನ್ ಹಾಮ್ ಮತ್ತು ಪೆರರ್ ದೊಡ್ಡ ದೊಡ್ಡ ಜಾಲಗಳ ಚಿತ್ರಕ್ಕೆ ಇದೇ ದಾರಿ ಹೇಳಿದ್ದರು: ಮೊದಲು ಹುಡುಕು, ಸುತ್ತಲಿನದನ್ನು ತೋರಿಸು, ಬೇಕಾದಷ್ಟು ಬಿಚ್ಚು. ಓದಿದ್ದೆ, ಆದರೆ ಬೇಳೆಗೂ ಹೊಂದುತ್ತದೆ ಅಂತ ಮುನೀಮರು ಕೇಳುವವರೆಗೆ ಹೊಳೆದಿರಲಿಲ್ಲ.

ಹೊಸ ಚಾರ್ಟಿನಲ್ಲಿ ಒಂದು ಲಾಟಿಗೆ ಒಂದು ಚುಕ್ಕೆ. ಅಡ್ಡಕ್ಕೆ ಹಸಿ, ಮೇಲಕ್ಕೆ ಕ್ವಿಂಟಾಲಿಗೆ ಬಿದ್ದ ಬೇಳೆ. ಗುಳ್ಳೆ ತೆಗೆದುಹಾಕಿದೆವು. ಒಂದೇ ಅಳತೆಗೆರೆಯ ಮೇಲಿನ ಜಾಗವನ್ನು ನಮ್ಮ ಕಣ್ಣು ಗುಳ್ಳೆಯ ಗಾತ್ರಕ್ಕಿಂತ ಸರಿಯಾಗಿ ಅಂದಾಜು ಮಾಡುತ್ತದೆ, ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಿನ್ನೆಯ ಚುಕ್ಕೆ ಕೆಂಪು, ಉಳಿದದ್ದೆಲ್ಲ ಬೂದು. ಬೆರಳಿನಿಂದ ಒಂದಿಷ್ಟು ಚುಕ್ಕೆ ಸುತ್ತಿದರೆ ಕೆಳಗಿನ ತಾರೀಖಿನ ಸಾಲಿನಲ್ಲಿ ಅವೇ ಲಾಟ್ ಹೊಳೆಯುತ್ತವೆ.

ಬರೆದಿದ್ದು ಡಿ3ಯಲ್ಲಿ, ಬ್ರೌಸರ್‌ನಲ್ಲಿ ಚಾರ್ಟ್ ಬಿಡಿಸಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಅದು. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಲ್ಯಾಬಿನಲ್ಲಿ ಚೆನ್ನಾಗಿ ಓಡಿತು, ಮಿಲ್ಲಿನ ಹಳೇ ಫೋನಿನಲ್ಲಿ ಸಿಕ್ಕಿಹಾಕಿಕೊಂಡಿತು. ನಾವು ಮೊದಲು ಬಳಸಿದ್ದ ಎಸ್‌ವಿಜಿ ಎಂಬ ಚಿತ್ರ ಬಿಡಿಸುವ ವಿಧಾನದಲ್ಲಿ ಪ್ರತಿ ಚುಕ್ಕೆಯೂ ಬೇರೆ ಬೇರೆ ವಸ್ತು, ಸಾವಿರಾರು ಆದಾಗ ಬ್ರೌಸರ್ ಏದುಸಿರು ಬಿಡುತ್ತದೆ. ಎಲ್ಲವನ್ನೂ ಒಂದೇ ಚಿತ್ರವಾಗಿ ಬಿಡಿಸುವ ಕ್ಯಾನ್ವಾಸ್‌ಗೆ ಬದಲಾಯಿಸಿದೆವು. ಫೋನಿನಲ್ಲಿ ಮೌಸ್ ಇಲ್ಲ, ಹೆಬ್ಬೆರಳು ದಪ್ಪ, ಚುಕ್ಕೆ ಚಿಕ್ಕದು; ಹಾಗಾಗಿ ಎಲ್ಲಿ ಒತ್ತಿದರೂ ಹತ್ತಿರದ ಚುಕ್ಕೆ ಸಿಗುವಂತೆ ಮಾಡಿದೆವು. ನನಗೆ ಇಷ್ಟವಾಗಿದ್ದ ಕಪ್ಪು ಹಿನ್ನೆಲೆ ಕಣದ ಬಿಸಿಲಿನಲ್ಲಿ ಕಾಣಲೇ ಇಲ್ಲ. ಬಿಳಿ ಮಾಡಿದೆವು. ನೆಟ್‌ವರ್ಕ್ ಬಂದು ಹೋಗುತ್ತದೆ, ಅದಕ್ಕೆ ಡೇಟಾ ಫೋನಿನಲ್ಲೇ ಉಳಿಯುವ ಹಾಗೆ ಮಾಡಿದೆವು.

ಮಾಲೀಕರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನಗಲ್ಲ, ರೋಲರ್ ನೋಡಿಕೊಳ್ಳುವ ಮಿಸ್ತ್ರಿಗೆ. ಕೆಳಗೆ ಇಳಿದಿದ್ದ ಚುಕ್ಕೆಗಳನ್ನು ಸುತ್ತಿದರು. ಹಸಿ ಸರಿಯಾಗೇ ಇತ್ತು. ತಾರೀಖು ನೋಡಿದರು, ಮತ್ತೆ ಸುತ್ತಿದರು. "ಇವೆಲ್ಲ ಎಮರಿ ಹಚ್ಚೋಕಿಂತ ಮುಂಚಿನ ದಿನಾನೇ ಅವರಿ" ಅಂದರು. ರೋಲರ್ ಸವೆದ ದಿನಗಳು. ನಾನು ಕೂಡಲೇ ಒಪ್ಪಲಿಲ್ಲ, ಆ ವಾರಗಳಲ್ಲಿ ಬೇರೆ ಊರಿನ ಮಾಲು ಬಂದಿದ್ದರೂ ಹಾಗೇ ಕಾಣಬಹುದಲ್ವಾ. ಊರಿನ ಪ್ರಕಾರ ಬೇರೆ ಮಾಡಿ ನೋಡಿದೆವು. ಸೇಡಂ, ಚಿಂಚೋಳಿ, ಜೇವರ್ಗಿ, ಎಲ್ಲದರಲ್ಲೂ ಅದೇ ಇಳಿತ. ರೋಲರ್‌ಗೆ ಎಮರಿ ಹಚ್ಚಿದ ತಾರೀಖು ಯಾವ ರಿಜಿಸ್ಟರ್‌ನಲ್ಲೂ ಇರಲಿಲ್ಲ, ಮಿಸ್ತ್ರಿಯ ತಲೆಯಲ್ಲಿತ್ತು. ಈಗ ಅದಕ್ಕೊಂದು ಕಾಲಂ ಇದೆ.

ಕಾಗದಪತ್ರದ ಬಗ್ಗೆಯೂ ಹೇಳಬೇಕು. ಇದಕ್ಕೂ ಮುಂಚೆ ಬೇರೊಂದು ಕಂಪನಿಯ ಜೊತೆ ಬರೀ ಬಾಯಿಮಾತಿನ ಮೇಲೆ ಕೆಲಸ ಮಾಡಿದ್ದೆ. ಒಂದು ವರ್ಷದ ನಂತರ ಅವರು ಡೇಟಾ ಕೊಡುವುದನ್ನು ನಿಲ್ಲಿಸಿದರು, ನನ್ನ ವಿದ್ಯಾರ್ಥಿನಿಯ ಪ್ರಬಂಧ ಅರ್ಧಕ್ಕೇ ನಿಂತಿತು. ಅವಳ ಮುಖ ನನಗೆ ಇನ್ನೂ ನೆನಪಿದೆ. ಈ ಸಲ ಎರಡು ಪುಟದ ಒಪ್ಪಂದ ಕನ್ನಡದಲ್ಲೇ ಬರೆದೆವು. ರೇಟಿನ ಕಾಲಂ ಮಿಲ್ ಬಿಟ್ಟು ಹೊರಗೆ ಬರುವುದಿಲ್ಲ. ರೈತರ ಹೆಸರು ಎಲ್ಲೂ ಅಚ್ಚಾಗುವುದಿಲ್ಲ. ಪ್ರಬಂಧವನ್ನು 30 ದಿನ ಮುಂಚೆ ಅವರಿಗೆ ತೋರಿಸುತ್ತೇವೆ, ಅಚ್ಚು ಹಾಕಿಸುವುದನ್ನು ಅವರು ತಡೆಯುವುದಿಲ್ಲ. ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲ ಸಾಲಿನ ಕೋಡ್‌ಗಿಂತ ಮುಂಚೆ ಇದನ್ನು ಮುಗಿಸಿಕೊಳ್ಳಿ. ಸೆಡ್ಲ್‌ಮೇರ್, ಮೇಯರ್, ಮುಂಜ್ನರ್ ಮೂವರು 2012ರಲ್ಲಿ ಇಂಥ ಜೊತೆಗೆಲಸದಲ್ಲಿ ಎಡವುವ 32 ಜಾಗಗಳನ್ನು ಪಟ್ಟಿ ಮಾಡಿದ್ದಾರೆ. ನಿಜವಾದ ಡೇಟಾ ಕೈಗೆ ಬರುವ ಮುಂಚೆಯೇ ಶುರು ಮಾಡಬೇಡಿ ಅನ್ನೋದು ಅದರಲ್ಲಿದೆ.

ಇನ್ನೊಂದು ತೊಂದರೆ ಸಮಯದ್ದು. ತೊಗರಿ ರಾಶಿಯಾಗಿ ಡಿಸೆಂಬರ್ ಹೊತ್ತಿಗೆ ಬರತೊಡಗುತ್ತದೆ, ಮಿಲ್ಲಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ, ಆಗಲೇ ನಮ್ಮ ಹುಡುಗರಿಗೆ ಪರೀಕ್ಷೆ. ಈಗ ಹಳೇ ಡೇಟಾ ಶುಚಿ ಮಾಡುವುದು, ಕೋಡ್ ಬರೆಯುವುದು ಎಲ್ಲ ಮಳೆಗಾಲದಲ್ಲೇ ಮುಗಿಸುತ್ತೇವೆ. ಸೀಸನ್‌ನಲ್ಲಿ ಹೋಗಿ ನೋಡುವುದು, ಕೇಳುವುದು ಅಷ್ಟೇ.

ಮಿಸ್ತ್ರಿ ಈ ಸಲ ನುಚ್ಚಿನ ಲೆಕ್ಕವನ್ನೂ ಲಾಟ್ ಪ್ರಕಾರ ತೋರಿಸಿ ಅಂದಿದ್ದಾರೆ. ಇಷ್ಟು ದಿನ ನುಚ್ಚನ್ನು ವಾರಕ್ಕೊಮ್ಮೆ ಒಟ್ಟಿಗೆ ತೂಗುತ್ತಿದ್ದರು. ಹೋದ ವಾರ ಮಾಲೀಕರು ರೋಲರ್ ಪಕ್ಕದಲ್ಲೇ ಒಂದು ಚಿಕ್ಕ ತೂಕದ ಯಂತ್ರ ಇಡಿಸಿದ್ದಾರೆ.